ವಂಗಭಾಷೆಯ ಮೊದಲ ವಿಜ್ಞಾನಕಥೆಗಳೂ ಅವುಗಳ ಮರೆಯಾದ ಕರ್ತೃಗಳೂ

ಕ್ರಿ. ಶ. ೧೮೯೬ನೆಯ ಇಸವಿಯಲ್ಲಿ ಕಲ್ಕತ್ತೆಯ ಸುಗಂಧದ್ರವ್ಯಗಳ ವ್ಯಾಪಾರಿಗಳಾದ ಹೇಮೇಂದ್ರಮೋಹನ ಬಸು ಎಂಬವರು ಸಣ್ಣ ಕಥೆಗಳಿಗೆಂದು ಒಂದು ಬಹುಮಾನವನ್ನು ಸಾರಿದರು. ಅವರು ತಯಾರಿಸಿ ಮಾರುತ್ತಿದ್ದ ತಲೆಯೆಣ್ಣೆಗೆ ‘ಕುಂತಲೀನ’ವೆಂದು ಹೆಸರು, ಬಹುಮಾನಕ್ಕೂ ಅದೇ ಹೆಸರನ್ನಿಟ್ಟು ‘ಕುಂತಲೀನ ಪುರಸ್ಕಾರ’ವೆಂದು ಕರೆದರು. ಅದರ ನಿಬಂಧನೆಯು ಸ್ವಲ್ಪ ವಿಚಿತ್ರವಾದುದು. ಕಥೆಯೊಳಗೆ ಎಲ್ಲಿಯಾದರೂ ಒಂದೆಡೆ ಅವರ ಸರಕಿನ ಪ್ರಸ್ತಾಪ ಬರಬೇಕು; ಆದರೆ ಅದು ಜಾಹೀರಾತೆಂದು ಓದುವವರಿಗೆ ತೋರಕೂಡದು. ಬಹುಮಾನ ಪಡೆದ ಕಥೆಗಳನ್ನು ಒಂದು ಕಿರುಹೊತ್ತಗೆಯಾಗಿ ಅಚ್ಚುಮಾಡಿಸಿ ಹಂಚುವುದು ಪದ್ಧತಿ. ಆ ಮೊದಲನೆಯ ವರ್ಷದ ಬಹುಮಾನವು ‘ನಿರುದ್ದೇಶೇರ ಕಾಹಿನೀ’, ಎಂದರೆ ಕಾಣೆಯಾದುದರ ಕಥೆ, ಎಂಬ ಬರಹಕ್ಕೆ ಸಂದಿತು. ಕಾಣೆಯಾದುದು ಮನುಷ್ಯನಲ್ಲ, ಒಂದು ಬಿರುಗಾಳಿ. ಕಥೆಯನ್ನು ಬರೆದವರು ತಮ್ಮ ಹೆಸರನ್ನು ಪ್ರಕಟಿಸಿರಲಿಲ್ಲ. ಅವರು ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಜಗದೀಶಚಂದ್ರ ಬಸು.

ಒಂದು ಭಾಷೆಯಲ್ಲಿ ಹೊಸ ಜಾತಿಯ ಕಥೆಯೊಂದು ತಲೆದೋರಿದಾಗ, ಅದು ಎಲ್ಲಿ ಹುಟ್ಟಿತು, ಹುಟ್ಟಿಸಿದವರಾರು ಎಂಬುದನ್ನು ನಿರ್ಣಯಿಸುವುದು ಸುಲಭವೆಂದು ಮೇಲುನೋಟಕ್ಕೆ ತೋರುತ್ತದೆ. ಪುಸ್ತಕವನ್ನು ತೆಗೆದು ಮುಖಪತ್ರವನ್ನು ನೋಡಿದರಾಯಿತು. ಅಲ್ಲಿ ಹೆಸರೂ ಇರುತ್ತದೆ, ಇಸವಿಯೂ ಇರುತ್ತದೆ. ವಂಗಭಾಷೆಯ ವಿಜ್ಞಾನಕಥೆಗಳ ವಿಷಯದಲ್ಲಿ ಈ ಎರಡು ಸಾಕ್ಷಿಗಳೂ ದಾರಿ ತಪ್ಪಿಸುತ್ತವೆ. ಮೊದಮೊದಲ ಬರಹಗಳು ಬಂದದ್ದು ಪುಸ್ತಕವಾಗಿಯಲ್ಲ. ವಿಜ್ಞಾನದ ಮಾಸಪತ್ರಿಕೆಯ ಪುಟಗಳಲ್ಲಿ, ಎಣ್ಣೆಯಂಗಡಿಯ ಹೊತ್ತಗೆಯಲ್ಲಿ, ಹೆಂಗಸರ ಪತ್ರಿಕೆಯಲ್ಲಿ. ಕರ್ತೃಗಳು ಬಹುಮಟ್ಟಿಗೆ ಕಥೆಗಾರರೆಂದು ಹೆಸರಾದವರಲ್ಲ. ಆ ಬರಹಗಳೆಲ್ಲ ಒಂದೇ ಕುಲದವೆಂಬ ಅರಿವು ಯಾರಿಗೂ ಅಂದು ಇರಲಿಲ್ಲ, ಏಕೆಂದರೆ ಆ ಕುಲಕ್ಕೆ ಹೆಸರೇ ಹುಟ್ಟಿರಲಿಲ್ಲ.

ಹೇಮೇಂದ್ರಮೋಹನರ ವಿಷಯವಾಗಿ ನಾಲ್ಕು ಮಾತುಗಳನ್ನು ಹೇಳದೆ ಮುಂದುವರಿಯುವುದು ಸರಿಯಲ್ಲ. ೧೮೬೪ರಲ್ಲಿ ಹುಟ್ಟಿ ೧೯೧೬ರಲ್ಲಿ ತೀರಿಕೊಂಡ ಈ ಗೃಹಸ್ಥರು ಮಯಮನಸಿಂಹ ಜಿಲ್ಲೆಯ ಮನೆತನದವರು. ಕಾಂಗ್ರೆಸ್ಸಿನ ಮುಖಂಡರಾಗಿದ್ದ ಆನಂದಮೋಹನ ಬಸುಗಳ ಅಣ್ಣನ ಮಗ. ತಲೆಯೆಣ್ಣೆಯ ಜೊತೆಗೆ ‘ದೇಲಖೋಶ’ವೆಂಬ ಅತ್ತರನ್ನು ತಯಾರಿಸಿದರು, ಬೈಸಿಕಲ್ಲುಗಳನ್ನು ಮಾರಿದರು, ಸ್ವಂತ ಮುದ್ರಣಾಲಯವನ್ನು ನಡೆಯಿಸಿದರು. ಗ್ರಾಮಫೋನು ತಟ್ಟೆಗಳು ಮನೆಮನೆಗೆ ಬರುವ ಮೊದಲೇ ಮೇಣದ ಕೊಳವೆಗಳ ಮೇಲೆ ಹಾಡುಗಳನ್ನು ಹಿಡಿದು ಮಾರಾಟಕ್ಕಿಟ್ಟರು. ರವೀಂದ್ರನಾಥ ಠಾಕೂರರ ಕಂಠವನ್ನೂ ಹಾಗೆ ಹಿಡಿದಿಟ್ಟವರು ಅವರೇ. ಮಕ್ಕಳ ಪುಸ್ತಕಗಳಿಂದಲೂ ಚಿತ್ರಮುದ್ರಣದ ಪರಿಶ್ರಮದಿಂದಲೂ ಖ್ಯಾತರಾದ ಉಪೇಂದ್ರಕಿಶೋರ ರಾಯಚೌಧುರಿಗಳ ತಂಗಿಯನ್ನು ಅವರು ಮದುವೆಯಾಗಿದ್ದರು. ಹೊಸ ಯಂತ್ರ, ಹೊಸ ರಸಾಯನ, ಹೊಸ ವ್ಯಾಪಾರ ಎಂದರೆ ಕೈಹಾಕದೆ ಇರಲಾರದ ಸ್ವಭಾವ. ಇಂಥವರು ಕಥಾಸ್ಪರ್ಧೆಯನ್ನಿಟ್ಟರೆ ಅದಕ್ಕೆ ವಿಜ್ಞಾನದ ಕಥೆಯೊಂದು ಬಂದು ಸೇರಿದುದು ತೀರ ಆಕಸ್ಮಿಕವಲ್ಲ.

ಇನ್ನೊಂದು ಸಂಗತಿಯೂ ಇದೆ. ಆನಂದಮೋಹನರ ಪತ್ನಿ ಸ್ವರ್ಣಪ್ರಭಾದೇವಿಯವರು ಜಗದೀಶಚಂದ್ರರ ಒಡಹುಟ್ಟಿದವರು. ಎಂದಮೇಲೆ ಬಹುಮಾನವಿತ್ತವರಿಗೂ ಪಡೆದವರಿಗೂ ಬಾಂಧವ್ಯವಿದ್ದಿತು. ಕಥೆಯ ಕರ್ತೃ ಯಾರೆಂಬುದು ಹೊರಗಿನ ಓದುಗರಿಗೆ ಗುಟ್ಟಾಗಿದ್ದರೂ ಹೇಮೇಂದ್ರಮೋಹನರಿಗೆ ಗುಟ್ಟಾಗಿದ್ದಿತೆಂದು ನಂಬುವುದು ಕಷ್ಟ. ಇದು ಊಹೆಯೇ ಹೊರತು ಪ್ರಮಾಣವಲ್ಲ. ಆದರೆ ಇಂಥ ಮನೆತನದ ಸಂಬಂಧಗಳನ್ನು ಬದಿಗಿಟ್ಟು ಆ ಕಾಲದ ಕಲ್ಕತ್ತೆಯ ಸಾಹಿತ್ಯವನ್ನು ವಿಚಾರಿಸಹೊರಟರೆ ಅರ್ಧ ಸಂಗತಿ ಕೈತಪ್ಪುತ್ತದೆ.

ಕಥೆಯು ಎರಡು ಭಾಗವಾಗಿದೆ. ಮೊದಲ ಭಾಗವು ಕಥೆಯಂತೆಯೇ ಇಲ್ಲ, ವೈಜ್ಞಾನಿಕ ವರದಿಯಂತಿದೆ. ಬಂಗಾಳ ಕೊಲ್ಲಿಯಲ್ಲಿ ಭಯಂಕರವಾದ ಚಂಡಮಾರುತವೊಂದು ಎದ್ದಿದೆ, ಇಷ್ಟರಲ್ಲೇ ಕಲ್ಕತ್ತೆಯ ಮೇಲೆ ಬಂದೆರಗುವುದು ಎಂದು ಹವಾಮಾನ ಇಲಾಖೆಯವರು ಸಾರುತ್ತಾರೆ. ಊರಿಗೆ ಊರೇ ಭಯದಿಂದ ಕಾದಿರುತ್ತದೆ. ಚಂಡಮಾರುತ ಬರುವುದಿಲ್ಲ. ಎಲ್ಲಿ ಹೋಯಿತೆಂಬುದಕ್ಕೆ ಕುರುಹೂ ಇಲ್ಲ. ಅಷ್ಟರಮೇಲೆ ಪಂಡಿತರ ವಾದವಿವಾದಗಳು ತೊಡಗುತ್ತವೆ. ಒಬ್ಬೊಬ್ಬರದು ಒಂದೊಂದು ಸಿದ್ಧಾಂತ. ಎರಡನೆಯ ಭಾಗದಲ್ಲಿ ಕಥಾನಾಯಕನು ತಾನೇ ಮಾತಿಗೆ ತೊಡಗಿ ನಿಜಸಂಗತಿಯನ್ನು ಹೊರಗೆಡಹುತ್ತಾನೆ. ಆತನು ಜ್ವರದಿಂದ ಬಳಲಿ, ತಲೆಯ ಕೂದಲುದುರಿ, ವೈದ್ಯರ ಸಲಹೆಯಂತೆ ಸಿಂಹಳಕ್ಕೆ ಹಡಗಿನಲ್ಲಿ ಹೊರಟವನು. ಹೊರಡುವಾಗ ಅವನ ಮಗಳು ತಲೆಯೆಣ್ಣೆಯ ಸೀಸೆಯೊಂದನ್ನು ಗಂಟಿನಲ್ಲಿಟ್ಟಿರುತ್ತಾಳೆ. ನಡುಗಡಲಿನಲ್ಲಿ ಚಂಡಮಾರುತ ಮೇಲೆ ಬೀಳುತ್ತದೆ, ಹಡಗು ಮುಳುಗುವುದು ನಿಶ್ಚಯವಾಗುತ್ತದೆ. ಆಗ, ಎಣ್ಣೆಯು ನೀರಿನ ಅಲೆಗಳನ್ನು ಅಡಗಿಸುವುದೆಂದು ಎಂದೋ ಓದಿದ್ದುದು ನೆನಪಿಗೆ ಬಂದು, ಸೀಸೆಯನ್ನು ಬರಿದುಮಾಡಿ ಕಡಲಿಗೆ ಸುರಿಯುತ್ತಾನೆ. ಕಡಲು ತಣ್ಣಗಾಗುತ್ತದೆ. ಪಂಡಿತರು ತಲೆ ಕೆಡಿಸಿಕೊಂಡ ಚಂಡಮಾರುತವು ಒಂದು ಸೀಸೆ ಎಣ್ಣೆಗೆ ಆಹುತಿಯಾಗಿದ್ದಿತು.

ಸ್ಪರ್ಧೆಯ ನಿಬಂಧನೆಯನ್ನು ಇದಕ್ಕಿಂತ ಚೆನ್ನಾಗಿ ಪಾಲಿಸುವುದು ಸಾಧ್ಯವಿಲ್ಲ. ಉಳಿದವರು ಕಥೆಯೊಳಕ್ಕೆ ಎಣ್ಣೆಯನ್ನು ತಂದು ತುರುಕಬೇಕಾಗಿದ್ದಲ್ಲಿ, ಇಲ್ಲಿ ಎಣ್ಣೆಯಿಲ್ಲದೆ ಕಥೆಯೇ ಇಲ್ಲ. ಆದರೆ ಈ ಬರಹವನ್ನು ಬರಿಯ ಹಾಸ್ಯವೆಂದು ಎಣಿಸಿದರೆ ಅದರ ತಿರುಳು ತಿಳಿಯಲಿಲ್ಲವೆಂದೇ ಹೇಳಬೇಕು. ಎಣ್ಣೆಯಿಂದ ಅಲೆಗಳು ಅಡಗುತ್ತವೆಂಬುದು ಕಟ್ಟುಕಥೆಯಲ್ಲ. ಪ್ರಾಚೀನ ರೋಮಿನ ಪ್ಲಿನಿಯು ಅದನ್ನು ಹೇಳಿದ್ದಾನೆ. ಬೆಂಜಮಿನ್ ಫ್ರಾಂಕ್ಲಿನ್ನನು ಲಂಡನಿನ ಕ್ಲ್ಯಾಫಮ್ ಎಂಬಲ್ಲಿನ ಕೊಳವೊಂದರಲ್ಲಿ ಒಂದು ಸಣ್ಣ ಚಮಚದಷ್ಟು ಎಣ್ಣೆಯನ್ನು ಹಾಕಿ, ಅರ್ಧ ಎಕರೆಯಷ್ಟು ನೀರು ಕನ್ನಡಿಯಂತಾದುದನ್ನು ಕಂಡು, ೧೭೭೪ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದನು. ಎಣ್ಣೆಯು ಅತ್ಯಂತ ತೆಳುವಾದ ಪೊರೆಯಾಗಿ ಹರಡಿ, ನೀರಿನ ಮೇಲ್ಮೈಯ ಬಿಗಿತವನ್ನು ಬದಲಿಸಿ, ಸಣ್ಣ ಅಲೆಗಳು ಏಳದಂತೆ ತಡೆಯುತ್ತದೆ. ಆ ಪೊರೆ ಎಷ್ಟು ತೆಳುವು ಎಂಬುದನ್ನು ೧೮೯೦ರಲ್ಲಿ ಲಾರ್ಡ್ ರ‍್ಯಾಲೆಯವರು ಅಳೆದು ನೋಡಿದರು. ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿಗೂ ಅದು ಕಡಿಮೆಯೆಂದು ಕಂಡುಬಂದಿತು. ಈ ರ‍್ಯಾಲೆಯವರು ಕೇಂಬ್ರಿಜ್ಜಿನಲ್ಲಿ ಜಗದೀಶಚಂದ್ರರ ಗುರುಗಳು. ಮರುವರ್ಷವೇ, ಆಗ್ನೆಸ್ ಪೊಕೆಲ್ಸ್ ಎಂಬ ಜರ್ಮನ್ ಹೆಣ್ಣುಮಗಳು ಅಡಿಗೆಮನೆಯಲ್ಲಿ ಇದೇ ವಿಷಯವಾಗಿ ನಡೆಸಿದ ಪ್ರಯೋಗಗಳ ಕಾಗದವನ್ನು ರ‍್ಯಾಲೆಯವರು ‘ನೇಚರ್’ ಪತ್ರಿಕೆಗೆ ಕಳುಹಿಸಿ ಅಚ್ಚುಮಾಡಿಸಿದರು. ಹೀಗೆ ೧೮೯೬ರಲ್ಲಿ ಎಣ್ಣೆ ಮತ್ತು ನೀರಿನ ವಿಚಾರವು ಭೌತಶಾಸ್ತ್ರದಲ್ಲಿ ಹೊಚ್ಚ ಹೊಸದಾಗಿದ್ದಿತು.

ಚಮಚದಷ್ಟು ಎಣ್ಣೆಯಿಂದ ಕೊಳವು ಶಾಂತವಾಗುವುದು ನಿಯಮ. ಸೀಸೆಯೆಣ್ಣೆಯಿಂದ ಚಂಡಮಾರುತವೇ ಕಾಣೆಯಾಗುವುದು ಅತಿಶಯೋಕ್ತಿ. ನಿಯಮವನ್ನು ಬಿಡದೆ ಪ್ರಮಾಣವನ್ನು ಮಾತ್ರ ಹಿಗ್ಗಿಸಿ ಕಥೆ ಕಟ್ಟುವ ಈ ಉಪಾಯವನ್ನು ಜಗದೀಶಚಂದ್ರರು ಬಲ್ಲವರಾಗಿಯೇ ಬಳಸಿದ್ದಾರೆ. ಮಾಯಾವಿಗಳ ಕಥೆಗೂ ವಿಜ್ಞಾನದ ಕಥೆಗೂ ಇರುವ ಅಂತರವು ಇಷ್ಟೇ; ಆದರೆ ಆ ಅಂತರವನ್ನು ಕಂಡುಕೊಂಡು ಬರೆದುದು ಸಾಮಾನ್ಯವಲ್ಲ. ಹವಾಮಾನದವರ ಭವಿಷ್ಯವಾಣಿ, ಪಂಡಿತರ ಸಿದ್ಧಾಂತಗಳು ಇವುಗಳನ್ನು ಗಂಭೀರವಾದ ವರದಿಯ ಶೈಲಿಯಲ್ಲಿಯೇ ಅಣಕಿಸಿರುವುದಂತೂ, ಆ ಶೈಲಿಯಲ್ಲಿ ದಿನವೂ ಬರೆಯುತ್ತಿದ್ದವರಿಗಲ್ಲದೆ ಅನ್ಯರಿಗೆ ಸಿದ್ಧಿಸುವ ಮಾತಲ್ಲ.

ಹೆಸರನ್ನೇಕೆ ಮರೆಸಿದರು? ೧೮೯೫ರ ಮೇ ತಿಂಗಳಿನಲ್ಲಿ ಅವರು ವಿದ್ಯುತ್ಕಿರಣಗಳ ಮೇಲಿನ ತಮ್ಮ ಮೊದಲ ಪ್ರಬಂಧವನ್ನು ಬಂಗಾಳದ ಏಷಿಯಾಟಿಕ್ ಸೊಸೈಟಿಯಲ್ಲಿ ಓದಿದ್ದರು. ೧೮೯೬ರಲ್ಲಿ ಲಂಡನ್ ವಿಶ್ವವಿದ್ಯಾನಿಲಯವು ಅವರಿಗೆ ಡಾಕ್ಟರ್ ಪದವಿಯನ್ನಿತ್ತಿತು. ಅದೇ ವರ್ಷ ಅವರು ಇಂಗ್ಲೆಂಡಿಗೆ ಹೋಗಿ ಲಿವರ್‌ಪೂಲಿನಲ್ಲಿ ನೆರೆದ ಬ್ರಿಟಿಷ್ ಅಸೋಸಿಯೇಷನ್ನಿನ ಮುಂದೆ ತಮ್ಮ ಉಪಕರಣವನ್ನು ಪ್ರದರ್ಶಿಸಿದರು. ಭಾರತೀಯನೊಬ್ಬನು ಭೌತಶಾಸ್ತ್ರದಲ್ಲಿ ಸ್ವತಂತ್ರವಾದ ಸಂಶೋಧನೆ ಮಾಡಬಲ್ಲನೇ ಎಂಬ ಸಂದೇಹವು ಆಳುವವರಲ್ಲಿ ಇನ್ನೂ ಬಲವಾಗಿದ್ದ ಕಾಲವದು. ಅಂಥ ವರ್ಷದಲ್ಲಿ, ಹವಾಮಾನ ಇಲಾಖೆಯನ್ನು ನಗೆಗೀಡುಮಾಡಿ ತಲೆಯೆಣ್ಣೆಯ ಮಹಿಮೆಯನ್ನು ಹೊಗಳುವ ಕಥೆಯೊಂದರ ಕೆಳಗೆ ಕಾಲೇಜಿನ ಅಧ್ಯಾಪಕರ ಹೆಸರು ಅಚ್ಚಾಗದಿದ್ದುದೇ ಕ್ಷೇಮವೆಂದು ತೋರಿದ್ದರೆ ಆಶ್ಚರ್ಯವಿಲ್ಲ.

ಅವರು ಕಥೆಯನ್ನು ಮರೆಯಲಿಲ್ಲ. ಇಪ್ಪತ್ತೈದು ವರ್ಷಗಳ ತರುವಾಯ, ೧೯೨೧ರಲ್ಲಿ, ತಮ್ಮ ಬಂಗಾಳಿ ಬರಹಗಳನ್ನು ‘ಅವ್ಯಕ್ತ’ವೆಂಬ ಸಂಪುಟದಲ್ಲಿ ಕೂಡಿಸಿದಾಗ, ಇದನ್ನೂ ತಿದ್ದಿ ಬೆಳೆಯಿಸಿ ‘ಪಲಾತಕ ತೂಫಾನ್’, ಎಂದರೆ ಓಡಿಹೋದ ಬಿರುಗಾಳಿ, ಎಂಬ ಹೊಸ ಹೆಸರಿನಿಂದ ಸೇರಿಸಿದರು. ಆ ಹೊತ್ತಿಗೆ ಅವರು ‘ಸರ್’ ಪದವಿಯನ್ನು ಪಡೆದವರು, ೧೯೧೭ರಲ್ಲಿ ತೆರೆದ ವಿಜ್ಞಾನಮಂದಿರದ ಸ್ಥಾಪಕರು. ೧೯೧೧ರಲ್ಲಿ ಮಯಮನಸಿಂಹದಲ್ಲಿ ನೆರೆದ ವಂಗೀಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಿಂದ, ಕವಿಯೂ ವಿಜ್ಞಾನಿಯೂ ಬೇರೆ ಬೇರೆ ದಾರಿಗಳಿಂದ ಒಂದೇ ಸತ್ಯವನ್ನು ಅರಸುವವರೆಂದು ಉಪಪಾದಿಸಿದ್ದ ಭಾಷಣವೂ ಅದೇ ಸಂಪುಟದಲ್ಲಿದೆ. ಕಥೆಗೆ ಈಗ ಹೆಸರುಳ್ಳ ಕರ್ತೃವಾಯಿತು, ಗೌರವದ ನೆರೆಹೊರೆಯಾಯಿತು.

ಚರಿತ್ರಕಾರರಿಗೆ ತೊಡಕು ಹುಟ್ಟುವುದು ಇಲ್ಲಿಯೇ. ‘ಅವ್ಯಕ್ತ’ವನ್ನು ಮಾತ್ರ ನೋಡಿದವರಿಗೆ ಈ ಕಥೆ ೧೯೨೧ರ ಬರಹವಾಗಿ ಕಾಣುತ್ತದೆ, ಪ್ರಸಿದ್ಧ ವಿಜ್ಞಾನಿಯೊಬ್ಬರು ಮುಪ್ಪಿನಲ್ಲಿ ಬಿಡುವಿಗೆಂದು ಬರೆದ ವಿನೋದವೆನ್ನಿಸುತ್ತದೆ. ‘ಕುಂತಲೀನ’ದ ಹೊತ್ತಗೆಯನ್ನು ನೋಡಿದವರಿಗೆ ಅದು ೧೮೯೬ರದು, ಮೂವತ್ತೇಳು ವರ್ಷದ ಅಧ್ಯಾಪಕರದು, ವೆಲ್ಸನ ‘ಟೈಮ್ ಮಷೀನ್’ ಪುಸ್ತಕವಾಗಿ ಬಂದ ಮರುವರ್ಷದ ಕಥೆ. ಒಂದೇ ಕಥೆಯ ಈ ಎರಡು ರೂಪಗಳನ್ನು ಒಂದೇ ಎಂದು ಭಾವಿಸಿ, ಹಳೆಯದರ ಇಸವಿಯನ್ನು ಹೊಸದರ ಮಾತುಗಳಿಗೆ ಅಂಟಿಸುವ ಪ್ರಮಾದವು ಹಲವರಿಂದ ನಡೆದಿದೆ. ೧೯೨೧ರ ಪಾಠದಲ್ಲಿರುವ ವಾಕ್ಯವೊಂದನ್ನು ಎತ್ತಿಕೊಂಡು, ೧೮೯೬ರಲ್ಲೇ ಹೀಗೆಂದಿದ್ದರೆಂದು ಬರೆಯಬೇಕಾದರೆ ಮೊದಲು ಎರಡನ್ನೂ ಮಗ್ಗುಲಲ್ಲಿಟ್ಟು ಓದಿರಬೇಕು. ೨೦೧೩ರಲ್ಲಿ ಬೋಧಿಸತ್ತ್ವ ಚಟ್ಟೋಪಾಧ್ಯಾಯರು ಈ ಕಥೆಯನ್ನು ಇಂಗ್ಲಿಷಿಗೆ ತಂದಮೇಲೆ ಅದು ಹೊರನಾಡಿನ ವಿದ್ವಾಂಸರ ಗಮನಕ್ಕೂ ಬಿದ್ದಿದೆ. ಪಾಠದ ಪ್ರಶ್ನೆಯು ಅದರಿಂದ ಇನ್ನಷ್ಟು ಮುಖ್ಯವಾಯಿತೇ ಹೊರತು ಕಡಿಮೆಯಾಗಲಿಲ್ಲ.

ಮುಖಪತ್ರದ ಹೆಸರನ್ನು ನಂಬಿ ಕೆಡುವುದಕ್ಕೆ ಇದೇ ಪುರಸ್ಕಾರದಲ್ಲಿ ಮತ್ತೊಂದು ನಿದರ್ಶನವಿದೆ. ಅದು ವಿಜ್ಞಾನಕಥೆಯಲ್ಲವಾದರೂ ಪ್ರಸ್ತುತಕ್ಕೆ ಒದಗುವಂಥದು. ೧೯೦೩ರಲ್ಲಿ ಮೊದಲ ಬಹುಮಾನವು ‘ಮಂದಿರ’ವೆಂಬ ಕಥೆಗೆ ಬಂದಿತು. ಕರ್ತೃವಿನ ಹೆಸರು ಸುರೇಂದ್ರನಾಥ ಗಂಗೋಪಾಧ್ಯಾಯರೆಂದು ಅಚ್ಚಾಯಿತು. ನಿಜವಾಗಿ ಬರೆದವರು ಅವರ ಬಂಧುಗಳಾದ ಶರಚ್ಚಂದ್ರ ಚಟ್ಟೋಪಾಧ್ಯಾಯರು. ಹೊಟ್ಟೆಪಾಡಿಗಾಗಿ ಆ ವರ್ಷದ ಮೊದಲಿಗೇ ಬರ್ಮಾಕ್ಕೆ ಹಡಗು ಹತ್ತಿದ್ದ ಶರಚ್ಚಂದ್ರರು, ಹೊರಡುವ ಮುನ್ನ ವರಸೆಯಲ್ಲಿ ಸೋದರಮಾವನಾಗಬೇಕಾದವರ ಹೆಸರಿನಲ್ಲಿ ಕಥೆಯನ್ನು ಕಳುಹಿಸಿದ್ದರು. ಪರೀಕ್ಷಕರಾಗಿದ್ದ ಜಲಧರ ಸೇನರು ಆರಿಸಿದ್ದು ಕಥೆಯನ್ನೇ ಹೊರತು ಕರ್ತೃವನ್ನಲ್ಲ. ೧೯೦೭ರಲ್ಲಿ ಅವರ ‘ಬಡದಿದಿ’ಯು ‘ಭಾರತೀ’ ಪತ್ರಿಕೆಯಲ್ಲಿ ಕಂತುಗಳಾಗಿ ಬರತೊಡಗಿದಾಗಲೂ ಮೊದಲಿಗೆ ಕರ್ತೃವಿನ ಹೆಸರಿರಲಿಲ್ಲ. ಓದಿದವರು ಇದು ರವೀಂದ್ರನಾಥರದೇ ಇರಬೇಕೆಂದು ಎಣಿಸಿದರು. ಆ ರವೀಂದ್ರನಾಥರೂ ‘ಕುಂತಲೀನ’ದ ಹೊತ್ತಗೆಗೆ ‘ಕರ್ಮಫಲ’ವೆಂಬ ಕಥೆಯನ್ನು ಬರೆದುಕೊಟ್ಟವರೇ. ಎಣ್ಣೆಯಂಗಡಿಯ ಪ್ರಕಟಣೆಯೆಂದು ಕಡೆಗಣಿಸಿದ ಕಾಗದಗಳಲ್ಲಿ, ಒಂದರಲ್ಲಿ ಹೆಸರಿಲ್ಲದೆ, ಇನ್ನೊಂದರಲ್ಲಿ ಹೆರವರ ಹೆಸರಿನಲ್ಲಿ, ಇಂಥ ಇಬ್ಬರು ಅಡಗಿದ್ದರು. ಸಾಬೂನು, ಎಣ್ಣೆ, ಪಂಚಾಂಗಗಳ ಜೊತೆಗೆ ಬರುವ ಹೊತ್ತಗೆಗಳನ್ನು ಗ್ರಂಥಭಂಡಾರಗಳು ಜೋಪಾನಮಾಡುವುದು ಅಪೂರ್ವ. ಅವು ವರ್ಷ ಕಳೆಯುವುದರೊಳಗೆ ಪೊಟ್ಟಣ ಕಟ್ಟುವುದಕ್ಕೆ ಹೋಗುತ್ತವೆ.

ಇನ್ನು, ಜಗದೀಶಚಂದ್ರರೇ ವಂಗಭಾಷೆಯ ವಿಜ್ಞಾನಕಥೆಗೆ ಆದ್ಯರೆಂಬ ಮಾತನ್ನು ಪರಿಶೀಲಿಸಬೇಕು. ಈ ಮಾತು ಬಹಳವಾಗಿ ಹೇಳಲ್ಪಟ್ಟಿದೆ. ಹಾಗೆ ಹೇಳುವುದರಲ್ಲಿ ದೇಶಾಭಿಮಾನದ ಸಂತೋಷವೂ ಇದೆ. ಆದರೆ ಅವರಿಗಿಂತ ಹದಿನಾಲ್ಕು ವರ್ಷ ಹಿಂದೆ, ೧೮೮೨ರಲ್ಲಿ, ‘ವಿಜ್ಞಾನದರ್ಪಣ’ವೆಂಬ ಸಚಿತ್ರ ಪತ್ರಿಕೆಯಲ್ಲಿ ಹೇಮಲಾಲ ದತ್ತರೆಂಬವರ ‘ರಹಸ್ಯ’ವೆಂಬ ಕಥೆಯು ಎರಡು ಕಂತುಗಳಾಗಿ ಪ್ರಕಟವಾಗಿದ್ದಿತು. ನಗೇಂದ್ರನೆಂಬವನು ಗೆಳೆಯನ ಮನೆಗೆ ಹೋಗುತ್ತಾನೆ. ಆ ಮನೆಯಲ್ಲಿ ಆಳುಕಾಳುಗಳ ಕೆಲಸವನ್ನೆಲ್ಲ ಯಂತ್ರಗಳು ಮಾಡುತ್ತವೆ: ಬಾಗಿಲಿನ ಗಂಟೆ ತಾನಾಗಿ ಬಾರಿಸುತ್ತದೆ, ಕಳ್ಳರು ಹೊಕ್ಕರೆ ಯಂತ್ರವೇ ಎಚ್ಚರಿಸುತ್ತದೆ, ಉಡುಪಿನ ಧೂಳನ್ನು ಕುಂಚಗಳು ತಾವಾಗಿ ತೆಗೆಯುತ್ತವೆ. ಕಥಾಸಂವಿಧಾನ ಹೆಚ್ಚಿನದಲ್ಲ, ಬೆರಗೇ ಪ್ರಧಾನ. ಕಾಲದ ದೃಷ್ಟಿಯಿಂದ ಮಾತ್ರ ಇದು ನಿಸ್ಸಂದೇಹವಾಗಿ ಹಿಂದಿನದು.

ಜಗದಾನಂದ ರಾಯರ ‘ಶುಕ್ರಭ್ರಮಣ’ದ ವಿಷಯವು ಇದಕ್ಕಿಂತ ಜಟಿಲ. ಶುಕ್ರಗ್ರಹಕ್ಕೆ ಹೋಗಿ ಅಲ್ಲಿ ಕಪಿಗಳನ್ನು ಹೋಲುವ ರೋಮಮಯವಾದ ಜೀವಿಗಳನ್ನು ಕಂಡ ವೃತ್ತಾಂತವದು. ಜೀವವಿಕಾಸವಾದವನ್ನು ಓದಿಕೊಂಡವರ ಕೈಯ ಬರಹವೆಂಬುದು ಸ್ಪಷ್ಟ. ಇದರ ರಚನೆಯು ೧೮೭೯ರದೆಂದು ಹಲವು ಪಟ್ಟಿಗಳಲ್ಲಿ ಕಾಣಿಸಿದ್ದಾರೆ. ಅದನ್ನೇ ಆಧಾರವಾಗಿಟ್ಟುಕೊಂಡು, ವೆಲ್ಸನು ಅಂಗಾರಕನ ಜೀವಿಗಳನ್ನು ಕಲ್ಪಿಸುವುದಕ್ಕೆ ಎಷ್ಟೋ ಮುಂಚೆ ಬಂಗಾಳದವರು ಅನ್ಯಗ್ರಹದ ಜೀವಿಗಳನ್ನು ಕಲ್ಪಿಸಿದ್ದರೆಂದು ಹೆಮ್ಮೆಪಡುವುದೂ ಉಂಟು. ಆದರೆ ಜಗದಾನಂದರು ಹುಟ್ಟಿದುದು ೧೮೬೯ರಲ್ಲಿ. ಹತ್ತು ವರ್ಷದ ಬಾಲಕನು ಜೀವವಿಕಾಸದ ತತ್ತ್ವವನ್ನು ಅರಗಿಸಿಕೊಂಡು ಗ್ರಹಯಾತ್ರೆಯ ಕಥೆ ಬರೆದನೆಂಬುದನ್ನು ಯಾವ ವಿವೇಕಿಯೂ ಒಪ್ಪಲಾರನು. ಒಬ್ಬರು ಬರೆದ ಇಸವಿಯನ್ನು ಮತ್ತೊಬ್ಬರು ಪರೀಕ್ಷಿಸದೆ ನಕಲುಮಾಡುತ್ತ ಬಂದುದರ ಫಲವಿದು. ಕರ್ತೃವಿನ ಜನ್ಮವರ್ಷವನ್ನು ಒಮ್ಮೆ ನೋಡಿದ್ದರೆ ಸಾಕಾಗಿದ್ದಿತು. ಆ ಕಥೆಯನ್ನು ಬೆಳೆದ ಜಗದಾನಂದರ ಕಾಲಕ್ಕೆ ಸರಿಸಲೇಬೇಕು. ಸರಿಸಿದ ಮೇಲೆ ಅದು ‘ರಹಸ್ಯ’ಕ್ಕಿಂತ ಹಿಂದಿನದೆಂಬ ಮಾತು ನಿಲ್ಲುವುದಿಲ್ಲ. ಇದರಿಂದ ಜಗದಾನಂದರ ಯೋಗ್ಯತೆಗೇನೂ ಊನವಿಲ್ಲ. ರವೀಂದ್ರನಾಥರು ಶಾಂತಿನಿಕೇತನದಲ್ಲಿ ಸ್ಥಾಪಿಸಿದ ವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದು, ಗ್ರಹನಕ್ಷತ್ರಗಳನ್ನೂ ಗಿಡಮರಗಳನ್ನೂ ಕುರಿತು ಅವರು ಬಂಗಾಳಿಯ ಮಕ್ಕಳಿಗೆ ಬರೆದುಕೊಟ್ಟ ಪುಸ್ತಕಗಳ ಋಣವು ದೊಡ್ಡದು.

ಭಾಷೆಯ ಗಡಿಯನ್ನು ಸಡಿಲಿಸಿ, ಬಂಗಾಳದವರು ಇಂಗ್ಲಿಷಿನಲ್ಲಿ ಬರೆದುದನ್ನೂ ಸೇರಿಸಿಕೊಂಡರೆ ಆದಿಯು ಇನ್ನೂ ಹಿಂದಕ್ಕೆ ಸರಿಯುತ್ತದೆ. ೧೮೩೫ರಲ್ಲಿ, ಹಿಂದೂ ಕಾಲೇಜಿನ ಕೈಲಾಸಚಂದ್ರ ದತ್ತನೆಂಬ ತರುಣನು ೧೯೪೫ನೆಯ ಇಸವಿಯ ನಾಲ್ವತ್ತೆಂಟು ಗಂಟೆಗಳ ದಿನಚರಿಯನ್ನು ‘ಕಲ್ಕತ್ತಾ ಲಿಟರರಿ ಗೆಜೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದನು. ಇಂಗ್ಲಿಷರ ಆಳಿಕೆಗೆ ವಿರುದ್ಧವಾಗಿ ಜನರು ಆಯುಧ ಹಿಡಿದೇಳುವುದೂ, ಸೋಲುವುದೂ, ನಾಯಕನು ವಧೆಗೊಳಗಾಗುವುದೂ ಅದರ ವಸ್ತು. ಸಿಪಾಯಿಗಳ ದಂಗೆಗೆ ಇಪ್ಪತ್ತೆರಡು ವರ್ಷ ಹಿಂದೆ ಇದನ್ನು ಅಚ್ಚುಮಾಡಲು ಆಸ್ಪದ ದೊರೆತುದೇ ಸೋಜಿಗ. ಸ್ವಾತಂತ್ರ್ಯವು ಬಂದುದು ಅವನೆಣಿಸಿದ ಇಸವಿಗೆ ಎರಡೇ ವರ್ಷ ತಡವಾಗಿ ಎಂಬುದು ಇನ್ನೊಂದು. ಹತ್ತು ವರ್ಷಗಳ ಮೇಲೆ, ೧೮೪೫ರಲ್ಲಿ, ಅದೇ ದತ್ತ ಮನೆತನದ ಶಶಿಚಂದ್ರರು ಇಪ್ಪತ್ತನೆಯ ಶತಮಾನದ ಒರಿಸ್ಸಾದಲ್ಲಿ ಪ್ರಜಾರಾಜ್ಯವು ಸ್ಥಾಪಿತವಾಗುವಂತೆ ಕಥೆ ಕಟ್ಟಿದರು. ಇವುಗಳಲ್ಲಿ ಯಂತ್ರವಿಲ್ಲ, ರಸಾಯನವಿಲ್ಲ. ಬರಲಿರುವ ಕಾಲವೊಂದೇ ಇದೆ. ವಿಜ್ಞಾನಕಥೆಯೆಂದು ಇವನ್ನು ಕರೆಯಬೇಕೆ ಬೇಡವೆ ಎಂಬುದು ಆ ಹೆಸರಿನ ಲಕ್ಷಣವನ್ನು ಎಷ್ಟು ಹಿಗ್ಗಿಸುವೆವೆಂಬುದನ್ನು ಅವಲಂಬಿಸಿದೆ. ಹಿಗ್ಗಿಸಿದರೆ ಆದ್ಯಸ್ಥಾನವು ಕೈಲಾಸಚಂದ್ರನಿಗೆ, ಕುಗ್ಗಿಸಿದರೆ ಜಗದೀಶಚಂದ್ರರಿಗೆ. ಲಕ್ಷಣವನ್ನು ಮೊದಲು ಹೇಳದೆ ಆದ್ಯರನ್ನು ನಿರ್ಣಯಿಸುವುದು ಅಳತೆಗೋಲಿಲ್ಲದೆ ಹೊಲವನ್ನಳೆದಂತೆ.

೧೯೦೫ರಲ್ಲಿ ಮದರಾಸಿನಿಂದ ಹೊರಡುತ್ತಿದ್ದ ‘ಇಂಡಿಯನ್ ಲೇಡೀಸ್ ಮ್ಯಾಗಜೀನ್’ ಎಂಬ ಮಾಸಪತ್ರಿಕೆಯಲ್ಲಿ ‘ಸುಲ್ತಾನಾಸ್ ಡ್ರೀಮ್’, ಎಂದರೆ ಸುಲ್ತಾನೆಯ ಕನಸು, ಎಂಬ ಇಂಗ್ಲಿಷ್ ಕಥೆಯು ಬೆಳಕಿಗೆ ಬಂದಿತು. ಈ ಪತ್ರಿಕೆಯು ೧೯೦೧ರಲ್ಲಿ ಕಮಲಾ ಸತ್ಯನಾಥನ್ ಅವರ ಸಂಪಾದಕತ್ವದಲ್ಲಿ ಮೊದಲಾದುದು. ಕಥೆಯಲ್ಲಿ ಬರುವ ನಾಡಿನಲ್ಲಿ ಗಂಡಸರು ಅಂತಃಪುರದಲ್ಲಿರುತ್ತಾರೆ, ರಾಜ್ಯಭಾರವು ಹೆಂಗಸರದು. ಅಲ್ಲಿನ ವಿದುಷಿಯರು ಮೋಡಗಳಿಂದ ನೇರವಾಗಿ ನೀರನ್ನು ಸೆಳೆದುಕೊಳ್ಳುವ ಉಪಾಯವನ್ನು ಕಂಡುಹಿಡಿದಿದ್ದಾರೆ. ಸೂರ್ಯನ ತಾಪವನ್ನು ಕೂಡಿಸಿಟ್ಟು ಅಡಿಗೆಗೂ ಯುದ್ಧಕ್ಕೂ ಬಳಸುತ್ತಾರೆ. ಆಕಾಶದಲ್ಲಿ ಸಂಚರಿಸುವ ವಾಹನಗಳೂ ಇವೆ. ಬರೆದವರು ಮಿಸೆಸ್ ಆರ್. ಎಸ್. ಹುಸೇನ್ ಎಂದು ಅಚ್ಚಾಗಿದ್ದಿತು. ಪತಿಯ ಹೆಸರಿನ ಹಿಂದೆ ಎರಡಕ್ಷರವಾಗಿ ಅಡಗಿದ್ದ ಆಕೆ ರೊಕೆಯಾ ಸಖಾವತ್ ಹುಸೇನ್. ಭಾಗಲ್ಪುರದಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟರಾಗಿದ್ದ ಗೃಹಸ್ಥರ ಪತ್ನಿ. ಬಂಗಾಳಿಯನ್ನೂ ಇಂಗ್ಲಿಷನ್ನೂ ಅಣ್ಣ ಅಕ್ಕಂದಿರ ನೆರವಿನಿಂದ ಮನೆಯೊಳಗೇ ಕಲಿತವರು. ೧೯೦೮ರಲ್ಲಿ ಕಥೆಯು ಕಲ್ಕತ್ತೆಯಲ್ಲಿ ಪುಸ್ತಕವಾಯಿತು. ಅದರ ಬಂಗಾಳಿ ರೂಪವನ್ನು ಅವರು ತಮ್ಮ ‘ಮತಿಚೂರ್’ ಎಂಬ ಸಂಗ್ರಹದ ಎರಡನೆಯ ಭಾಗದಲ್ಲಿ ಸೇರಿಸಿದುದು ೧೯೨೨ರಲ್ಲಿ. ಜಗದೀಶಚಂದ್ರರ ಕಥೆಯಂತೆಯೇ ಇದಕ್ಕೂ ಎರಡು ಜನ್ಮ. ವಸ್ತುವಿನ ಧೈರ್ಯದಲ್ಲಿ ಈ ಕಥೆಯು ಈವರೆಗೆ ಹೇಳಿದ ಎಲ್ಲವನ್ನೂ ಮೀರಿದೆ. ಇತರರಿಗೆ ಯಂತ್ರವು ಬೆರಗಿನ ವಸ್ತು ಅಥವಾ ನಗೆಯ ವಸ್ತು. ರೊಕೆಯಾ ಅವರಿಗೆ ಮಾತ್ರ ಅದು, ಹೆಂಗಸರು ಹೊಸಲಿನೊಳಗೇ ಇರಬೇಕೆಂಬ ಕಟ್ಟಳೆಯನ್ನು ಪ್ರಶ್ನಿಸುವ ಸಾಧನವಾಯಿತು. ಹಾಗಿದ್ದರೂ ವಂಗಸಾಹಿತ್ಯದ ಚರಿತ್ರೆಗಳಲ್ಲಿ ಆಕೆಯನ್ನು ಸ್ತ್ರೀವಿದ್ಯಾಭ್ಯಾಸದ ಪ್ರಕರಣದಲ್ಲಿ ಕೂಡಿಸುತ್ತಿದ್ದರೇ ಹೊರತು ಕಥೆಯ ಪ್ರಕರಣದಲ್ಲಿ ಅಲ್ಲ.

ಕನ್ನಡಿಗರಿಗೆ ವಂಗಸಾಹಿತ್ಯದ ಬಾಗಿಲನ್ನು ತೆರೆದವರು ಬಿ. ವೆಂಕಟಾಚಾರ್ಯರು (೧೮೪೫–೧೯೧೪). ಬಂಕಿಮಚಂದ್ರರ ‘ದುರ್ಗೇಶನಂದಿನಿ’, ‘ಆನಂದಮಠ’ ಮೊದಲಾದುವು ಅವರ ಮೂಲಕವಾಗಿಯೇ ನಮ್ಮ ನಾಡಿನ ಮನೆಗಳನ್ನು ಹೊಕ್ಕುವು. ಇಲ್ಲಿ ಹೇಳಿದ ಕಥೆಗಳಲ್ಲಿ ‘ರಹಸ್ಯ’ವೂ ‘ನಿರುದ್ದೇಶೇರ ಕಾಹಿನೀ’ಯೂ ಆಚಾರ್ಯರು ಬದುಕಿದ್ದ ಕಾಲದಲ್ಲೇ ಅಚ್ಚಾದುವು. ಆದರೆ ನಾಡಿನಿಂದ ನಾಡಿಗೆ ಸಂಚರಿಸುವುದು ರಟ್ಟು ಕಟ್ಟಿದ ಪುಸ್ತಕ, ಹೆಸರಾಂತ ಕರ್ತೃ. ಕಲ್ಕತ್ತೆಯ ಅಂಗಡಿಯ ಹೊತ್ತಗೆಯು ಕಲ್ಕತ್ತೆಯನ್ನು ಬಿಟ್ಟು ಹೊರಡುವಂಥದಲ್ಲ. ವಂಗಭಾಷೆಯೆಂದರೆ ಐತಿಹಾಸಿಕ ಕಾದಂಬರಿಯೆಂದೂ ಗೃಹಜೀವನದ ಕರುಣಕಥೆಯೆಂದೂ ನಮ್ಮಲ್ಲಿ ಬಹುಕಾಲ ತಿಳಿದಿದ್ದುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಚದರಿದ್ದ ಈ ಬರಹಗಳನ್ನು ಒಂದು ಕುಲವೆಂದು ಕೂಡಿಸಿದ್ದು ಬಹಳ ತಡವಾಗಿ. ಅಮೆರಿಕದಲ್ಲಿಯೂ ಹೀಗೆಯೇ ನಡೆದಿದ್ದಿತು. ೧೯೨೬ರ ಏಪ್ರಿಲಿನಲ್ಲಿ ಹ್ಯೂಗೋ ಗರ್ನ್ಸ್‌ಬ್ಯಾಕ್ ಎಂಬವರು ‘ಅಮೇಜಿಂಗ್ ಸ್ಟೋರೀಸ್’ ಎಂಬ ಪತ್ರಿಕೆಯನ್ನು ತೆರೆದು, ತಮ್ಮ ಹೊಸ ಜಾತಿಯ ಕಥೆಗೊಂದು ಹೆಸರನ್ನು ಕಟ್ಟಿದರು. ಮೊದಲ ಸಂಚಿಕೆಯನ್ನು ತುಂಬುವುದಕ್ಕೆ ಮಾತ್ರ ಪೋ, ವರ್ನ್, ವೆಲ್ಸ್ ಇವರ ಹಳೆಯ ಬರಹಗಳನ್ನೇ ಮತ್ತೆ ಅಚ್ಚುಹಾಕಿದರು. ಹೆಸರು ಹುಟ್ಟಿದ ಮೇಲೆ ಪೂರ್ವಿಕರು ದೊರೆತರು. ವಂಗಭಾಷೆಯಲ್ಲಿ ನಡುವೆ ಹೇಮೇಂದ್ರಕುಮಾರ ರಾಯರು ಅಂಗಾರಕದವರನ್ನು ಭೂಮಿಗಿಳಿಸಿ ಬಾಲಕರಿಗಾಗಿ ಬರೆದರು. ಪ್ರೇಮೇಂದ್ರ ಮಿತ್ರರು ೧೯೪೫ರಲ್ಲಿ ಘನಾದಾ ಎಂಬ ಬಡಾಯಿಗಾರನನ್ನು ಸೃಷ್ಟಿಸಿದರು. 

೧೯೬೩ರಲ್ಲಿ ಕಲ್ಕತ್ತೆಯಿಂದ ‘ಆಶ್ಚರ್ಯ’ವೆಂಬ ಮಾಸಪತ್ರಿಕೆಯು ಹೊರಟಿತು, ಕೇವಲ ಇಂಥ ಕಥೆಗಳಿಗೇ ಮೀಸಲಾದುದು ವಂಗಭಾಷೆಯಲ್ಲಿ ಅದೇ ಮೊದಲು. ಈ ಕುಲಕ್ಕೆ ಇಂದು ಸಲ್ಲುತ್ತಿರುವ ‘ಕಲ್ಪವಿಜ್ಞಾನ’ವೆಂಬ ಹೆಸರನ್ನು ರೂಢಿಗೆ ತಂದವರು ಅದರ ಸಂಪಾದಕರಾದ ಅದ್ರೀಶ ವರ್ಧನರು. ಹೆಸರು ನಿಂತಮೇಲೆ ಹುಡುಕಾಟವು ಹಿಂದಕ್ಕೆ ನಡೆಯಿತು: ‘ಅವ್ಯಕ್ತ’ದಿಂದ ಕುಂತಲೀನದ ಹೊತ್ತಗೆಗೆ, ಅಲ್ಲಿಂದ ‘ವಿಜ್ಞಾನದರ್ಪಣ’ಕ್ಕೆ, ಅಲ್ಲಿಂದ ದತ್ತ ಮನೆತನದ ಇಂಗ್ಲಿಷ್ ಬರಹಗಳಿಗೆ. ಆ ಪತ್ರಿಕೆಯ ಮೇಲೆ ಸಂಪಾದಕರ ಹೆಸರು ಆಕಾಶ ಸೇನ್ ಎಂದು ಅಚ್ಚಾಗುತ್ತಿದ್ದಿತು. ಅದು ಅದ್ರೀಶ ವರ್ಧನರ ಗುಪ್ತನಾಮ.